ತೋಟದ ಮಾಹಿತಿ ರಾಶಿ ಬೀಳುತ್ತಿದೆ. ಬೇಕಾದದ್ದು ಬೇಕಾದಾಗ ಸಿಗುವ ಹಾಗೆ ಇಡುವುದು ಹೇಗೆ?

ತೋಟದಮನೆ (ಶಿರಸಿ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ತೋಟ, ಜೊತೆಗೆ ಕಾಳುಮೆಣಸು, ಸ್ವಲ್ಪ ಏಲಕ್ಕಿ. ಕೃಷಿ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವವನು ನಾನು. ವಾಟ್ಸ್‌ಆ್ಯಪ್ ಗುಂಪಲ್ಲಿ ಬಂದದ್ದು, ಯೂಟ್ಯೂಬ್ ವಿಡಿಯೋ, ಸೊಸೈಟಿಯಲ್ಲಿ ಕೊಟ್ಟ ಕರಪತ್ರ, ಪೇಪರ್ ಕಟಿಂಗ್, ವಿಚಾರ ಸಂಕಿರಣಕ್ಕೆ ಹೋದಾಗ ಗೀಚಿಕೊಂಡದ್ದು, ಎಲ್ಲಾ ಸೇರಿ ದೊಡ್ಡ ರಾಶಿಯಾಗಿದೆ.

ಯಾವ ಆ್ಯಪ್ ಒಳ್ಳೆಯದು ಎನ್ನುವುದನ್ನು ಆಮೇಲೆ ನೋಡೋಣ. ಮೊದಲು ತಿಳಿಯಬೇಕಾದದ್ದು ಇಷ್ಟು: ಬಂದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಕೊಳೆಗೆ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಮದ್ದು ಹೊಡೆಯುವ ಹೊತ್ತಲ್ಲಿ ಅದಕ್ಕೆ ಬೇಕಾದ ಮಾತು ಮಾತ್ರ ತಟ್ಟನೆ ಕೈಗೆ ಸಿಗಬೇಕು. ನೀವೆಲ್ಲ ಹೇಗೆ ಮಾಡುತ್ತಿದ್ದೀರಿ, ಬಿಡಿಸಿ ಹೇಳಿದರೆ ಉಪಕಾರ.

ಬಯಲುನಾಡು (ಚನ್ನಗಿರಿ)

ಒಂದು ದಪ್ಪ ನೋಟ್‌ಬುಕ್ ತಗೊಳ್ಳಿ ಅಣ್ಣ. ಇಂಕ್ ಬೇಡ, ಬಾಲ್ ಪೆನ್ನಲ್ಲಿ ಬರೆಯಿರಿ, ನೀರು ಬಿದ್ದರೂ ಅಳಿಸುವುದಿಲ್ಲ. ಕೊನೆಯ ಪುಟಗಳಲ್ಲಿ ಯಾವ ವಿಷಯ ಯಾವ ಪುಟದಲ್ಲಿ ಎಂದು ಬರೆಯುತ್ತಾ ಹೋಗಿ. ನಮ್ಮ ಅಪ್ಪ ಹೀಗೇ ಇಟ್ಟಿದ್ದರು, ನಾನೂ ಹೀಗೇ ಇಟ್ಟಿದ್ದೇನೆ. ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ.

ಪುತ್ತೂರ್ ಮಳೆ

ತೋಟದಮನೆಯವರೇ, ನಾನು ಸುಮಾರು ವರ್ಷದಿಂದ ಇದನ್ನು ಮಾಡುತ್ತಾ ಬಂದವಳು. ಸ್ವಲ್ಪ ಉದ್ದ ಆಗಬಹುದು, ಸಮಾಧಾನದಲ್ಲಿ ಓದಿ.

ಉಳಿಸುವುದು ಬೇರೆ, ಆರಿಸುವುದು ಬೇರೆ. ಫೋನಲ್ಲಿ ಸ್ಟಾರ್ ಒತ್ತಿದರೆ, ಸ್ಕ್ರೀನ್‌ಶಾಟ್ ತೆಗೆದರೆ ಅದು ಉಳಿಯುತ್ತದೆ. ಆದರೆ ಯಾಕೆ ಉಳಿಸಿದೆವು ಎಂಬುದು ನಾಲ್ಕು ತಿಂಗಳಿಗೆ ಮರೆತು ಹೋಗುತ್ತದೆ. ಹಾಗಾಗಿ ಏನೇ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದರಿಂದ ನಮ್ಮ ತೋಟದ ಯಾವ ಕೆಲಸ ಬದಲಾಗುತ್ತದೆ? ಉತ್ತರ ಹೊಳೆಯದಿದ್ದರೆ ಓದಿ ಸಂತೋಷಪಟ್ಟು ಬಿಟ್ಟುಬಿಡುತ್ತೇನೆ. ಚೆನ್ನಾಗಿದೆ ಎಂಬ ಕಾರಣಕ್ಕೆ ಇಡುವುದಿಲ್ಲ. ಚೆನ್ನಾಗಿರುವುದು ದಿನಾ ಬರುತ್ತದೆ.

ಉತ್ತರ ಇದ್ದರೆ ನನ್ನ ಮಾತಿನಲ್ಲಿ ಸಣ್ಣ ಟಿಪ್ಪಣಿ ಬರೆಯುತ್ತೇನೆ. ತಲೆಬರಹ ಯಾವಾಗಲೂ ಪ್ರಶ್ನೆಯಾಗಿರಬೇಕು. ಯಾಕೆಂದರೆ ಆಮೇಲೆ ಹುಡುಕಲು ಬರುವುದು ಪ್ರಶ್ನೆ ಹಿಡಿದುಕೊಂಡೇ ಅಲ್ವಾ? ಇದು ನನ್ನ ಪುಸ್ತಕದಲ್ಲಿ ಇರುವ ಒಂದು, ಹಾಗೇ ಇಳಿಸುತ್ತೇನೆ (ಬೋರ್ಡೋ ಎಂದರೆ ಕೊಳೆಗೆ ಬಿಡುವ ಮದ್ದು, ಮೈಲುತುತ್ತು ಅಂದರೆ ಕಾಪರ್ ಸಲ್ಫೇಟ್ ಮತ್ತು ಸುಣ್ಣದ ದ್ರಾವಣ):

ಪ್ರಶ್ನೆ: ಎರಡನೇ ಸಲ ಬೋರ್ಡೋ ಯಾವಾಗ ಬಿಡಬೇಕು?
ಉತ್ತರ: ಮೊದಲನೆಯದು ಮಳೆಗಾಲ ಹಿಡಿಯುವ ಮುಂಚೆ. ಅಲ್ಲಿಂದ 40–45 ದಿನಕ್ಕೆ ಎರಡನೆಯದು. ಮಳೆ ಮುಂದುವರಿದರೆ ಮೂರನೆಯದು.
ಎಲ್ಲಿಂದ: ಸಂಶೋಧನಾ ಕೇಂದ್ರದ ಕೈಪಿಡಿ.
ನಮ್ಮಲ್ಲಿ: ತೋಡಿನ ಬದಿಯ ಮರಗಳಿಗೆ ಬಿಸಿಲು ತಡ. ಕೊಳೆ ಮೊದಲು ಕಾಣುವುದು ಅಲ್ಲೇ. ಮದ್ದು ಅಲ್ಲಿಂದಲೇ ಶುರು ಮಾಡುವುದು.
ಇದನ್ನೂ ನೋಡು: ಬೋರ್ಡೋ ಕಲಸುವ ಕ್ರಮ, ಬಸಿಗಾಲುವೆ ಬಿಡಿಸುವುದು.

‘ನಮ್ಮಲ್ಲಿ’ ಎಂಬ ಸಾಲು ಇಲ್ಲದಿದ್ದರೆ ಅದು ಕೈಪಿಡಿಯ ನಕಲು, ಅಷ್ಟೇ. ಆ ಸಾಲನ್ನು ನಮ್ಮನ್ನು ಬಿಟ್ಟರೆ ಬೇರೆ ಯಾರೂ ಬರೆದುಕೊಡಲಾರರು. ನಮ್ಮೂರಿನಿಂದ 1988ರಲ್ಲಿ ‘ಅಡಿಕೆ ಪತ್ರಿಕೆ’ ಎಂಬ ಕೃಷಿ ಮಾಸಿಕ ಶುರುವಾದಾಗ ಕೃಷಿಕರ ಕೈಗೇ ಲೇಖನಿ ಕೊಡುವ ಮಾತಾಡಿದರು. ಅದರಲ್ಲಿ ಒಬ್ಬ ಕೃಷಿಕ ತನ್ನ ತೋಟದ ಅನುಭವವನ್ನು ಬರೆದದ್ದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ಓದಿದವರಿಗೆ ಗೊತ್ತು. ಅದೇ ಕೆಲಸವನ್ನು ನಮ್ಮ ಮಟ್ಟಿಗೆ ನಾವೂ ಮಾಡಬಹುದು.

ಎಳನೀರು (ಶಿವಮೊಗ್ಗ, ಕೃಷಿ ವಿದ್ಯಾರ್ಥಿ)

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಂಖ್ಯೆ ಬರೆಯುವಾಗ ಅದು ಯಾವುದರ ಸಂಖ್ಯೆ ಎಂದು ಪೂರ್ತಿ ಬರೆಯಿರಿ.

ಅಡಿಕೆ ಮರಕ್ಕೆ ವರ್ಷಕ್ಕೆ 100:40:140 ಎಂಬ ಶಿಫಾರಸು ಎಲ್ಲರೂ ಕೇಳಿರುತ್ತೀರಿ. ಅದು ಗೊಬ್ಬರದ ತೂಕ ಅಲ್ಲ, ಪೋಷಕಾಂಶದ ತೂಕ: 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಯೂರಿಯಾದಲ್ಲಿ ಸಾರಜನಕ ಇರುವುದು 46%. ಅಂದರೆ ಮರಕ್ಕೆ ಸುಮಾರು 217 ಗ್ರಾಂ ಯೂರಿಯಾ ಬೇಕು. ಶಿಲಾರಂಜಕದಲ್ಲಿ 20% ಲೆಕ್ಕ ಹಿಡಿದರೆ 200 ಗ್ರಾಂ. ಮ್ಯೂರಿಯೇಟ್ ಆಫ್ ಪೊಟ್ಯಾಷ್ 60%, ಹಾಗಾಗಿ ಸುಮಾರು 233 ಗ್ರಾಂ. ಫಾರ್ವರ್ಡ್‌ಗಳಲ್ಲಿ ಇದು ‘100 ಗ್ರಾಂ ಯೂರಿಯಾ, 140 ಗ್ರಾಂ ಪೊಟ್ಯಾಷ್’ ಎಂದು ಆಗಿಬಿಟ್ಟಿರುತ್ತದೆ. ಯೂರಿಯಾ ಅರ್ಧಕ್ಕೂ ಕಡಿಮೆ ಬಿತ್ತು ನೋಡಿ.

ಮರಕ್ಕೋ ಎಕರೆಗೋ, ಲೀಟರಿಗೋ ಬ್ಯಾರಲಿಗೋ, ಎಳೆ ಗಿಡಕ್ಕೋ ಫಸಲು ಕೊಡುವ ಮರಕ್ಕೋ, ಇದನ್ನೂ ಪಕ್ಕದಲ್ಲೇ ಬರೆಯಬೇಕು. ಅಷ್ಟು ಇಲ್ಲದ ಸಂಖ್ಯೆಯನ್ನು ಇಟ್ಟುಕೊಳ್ಳುವುದಕ್ಕಿಂತ ಬಿಡುವುದೇ ವಾಸಿ.

ತೋಟದಮನೆ

ಪ್ರಶ್ನೆಯೇ ತಲೆಬರಹ ಎಂಬುದು ನನಗೆ ಬಹಳ ಹಿಡಿಸಿತು, ಅಕ್ಕ. ಆದರೆ ಹಳೆಯದನ್ನು ಏನು ಮಾಡಬೇಕು? ಕರಪತ್ರಗಳಲ್ಲಿ ಕೆಲವು ನಮ್ಮ ಅಪ್ಪನ ಕಾಲದವು. ಒಳ್ಳೆಯ ಮಾತೂ ಇದೆ, ಈಗ ನಡೆಯದ ಮಾತೂ ಇದೆ.

ಹಳೇಕಡತ (ಮೈಸೂರು, ನಿವೃತ್ತ ಗ್ರಂಥಪಾಲಕ)

ಹಳೆಯದು ಎಂಬ ಕಾರಣಕ್ಕೆ ಎಸೆಯಬೇಡಿ, ಹಳೆಯದು ಎಂಬ ಕಾರಣಕ್ಕೆ ನಂಬಲೂ ಬೇಡಿ. ಗ್ರಂಥಾಲಯದಲ್ಲಿ ನಾವು ವಿಷಯದ ಪ್ರಕಾರ ವಿಂಗಡಿಸುತ್ತೇವೆ. ಮನೆಯಲ್ಲಿ ಇಡುವ ಮಾಹಿತಿಗೆ ಅದಕ್ಕಿಂತ ಉಪಯೋಗದ ವಿಂಗಡಣೆ ಇನ್ನೊಂದಿದೆ. ಇದು ಎಷ್ಟು ಕಾಲ ನಿಲ್ಲುತ್ತದೆ ಎಂದು ನೋಡಿ ಬೇರೆ ಮಾಡುವುದು.

ನಿಮ್ಮ ಕೊಳೆರೋಗವನ್ನೇ ತಗೊಳ್ಳಿ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಅಡಿಕೆಯ ಕೊಳೆರೋಗವನ್ನು ಕೂಲಂಕಷವಾಗಿ ನೋಡಿ 1910ರ ಸುಮಾರಿಗೆ ವರದಿ ಬರೆದು, ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸಲು ಹೇಳಿದರು. ನೂರು ವರ್ಷ ದಾಟಿದರೂ 1%ರ ಬೋರ್ಡೋ ಇವತ್ತಿಗೂ ಚಾಲ್ತಿಯಲ್ಲಿದೆ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ನಿಲ್ಲುವ ಮಾತು.

ಇನ್ನೊಂದು ಕಡೆ ಎಂಡೋಸಲ್ಫಾನ್ ಎಂಬ ಕೀಟನಾಶಕ ನೋಡಿ. ಒಂದು ಕಾಲದ ಎಷ್ಟೋ ಕೃಷಿ ಕರಪತ್ರಗಳಲ್ಲಿ ಅದನ್ನು ಹೊಡೆಯಿರಿ ಎಂದೇ ಇರುತ್ತಿತ್ತು. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಜನ ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಕರಪತ್ರದಲ್ಲಿ ಇಸವಿ ಇಲ್ಲದಿದ್ದರೆ, ಅದು 2011ರ ಮುಂಚಿನದೋ ಆಮೇಲಿನದೋ ಎಂದು ಮನೆಯ ಮುಂದಿನ ತಲೆಮಾರಿಗೆ ಹೇಗೆ ತಿಳಿಯಬೇಕು? ಹಾಗಾಗಿ ದಿನಾಂಕ ಬರೆಯದೆ ಯಾವ ಟಿಪ್ಪಣಿಯನ್ನೂ ಮುಗಿಸಬೇಡಿ.

ಔಷಧಿಯ ಹೆಸರು, ಸಬ್ಸಿಡಿ, ಅರ್ಜಿಯ ಕೊನೆ ದಿನ, ಮಾರುಕಟ್ಟೆ ಧಾರಣೆ, ಇವೆಲ್ಲ ಬೇಗ ಹಳತಾಗುವವು. ಅವುಗಳಿಗೆ ಬೇರೆ ಜಾಗ ಮಾಡಿ, ವರ್ಷಕ್ಕೊಮ್ಮೆ ಖಾಲಿ ಮಾಡಿ. ರೋಗ ಹೇಗೆ ಹರಡುತ್ತದೆ, ದ್ರಾವಣ ಹೇಗೆ ಕಲಸಬೇಕು, ನಿಮ್ಮ ಮಣ್ಣಿನ ಗುಣ ಏನು, ಇವು ನಿಲ್ಲುವವು. ಇವನ್ನೇ ಚೆನ್ನಾಗಿ ಬರೆದಿಡಿ.

ಈ ಕೆಲಸ ನಮಗೆ ಹೊಸದಲ್ಲ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯುವ ಕಡತ ನಮ್ಮ ಅಂಗಡಿಗಳಲ್ಲಿ, ಮಠಗಳಲ್ಲಿ ಇತ್ತು. ಶೃಂಗೇರಿ ಮಠದ ಕಡತಗಳಿಂದ ಇತಿಹಾಸಕಾರರು ಎಷ್ಟೊಂದು ವಿಷಯ ತೆಗೆದರು. ಅದಕ್ಕೂ ಹಿಂದೆ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಲೋಕೋಪಕಾರ ಎಂಬ ಗ್ರಂಥವನ್ನು ಕನ್ನಡದಲ್ಲೇ ಬರೆದ. ಅಂತರ್ಜಲ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ, ಸುಗಂಧ, ದಿನದ ಬದುಕಿಗೆ ಬೇಕಾದದ್ದು ಒಂದೇ ಕಡೆ ಇದೆ. ಇಂಥ ಕೆಲಸಕ್ಕೆ ಕೈ ಹಾಕುವ ಕನ್ನಡಿಗರು ಒಮ್ಮೆ ಅದನ್ನು ತಿರುವಿ ನೋಡಲೇಬೇಕು.

ಬಯಲುನಾಡು

ಸರ್, ಧಾರಣೆ ವಿಷಯದಲ್ಲಿ ನಂದೊಂದು ತಕರಾರು. ದಿನದ ಧಾರಣೆ ಇಡಬೇಕಾಗಿಲ್ಲ, ಒಪ್ಪಿದೆ. ಅದು ಎಲ್ಲಾ ಕಡೆ ಸಿಗುತ್ತೆ. ಆದರೆ ನಾವು ಮಾರಿದ ದಿನ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಗೊರಬಲೋ, ಎಷ್ಟು ಕ್ವಿಂಟಲ್, ಏನು ರೇಟು, ಇದನ್ನು ಎಂದೂ ಖಾಲಿ ಮಾಡಬಾರದು. ಇದು ನಮ್ಮ ಮನೆಯ ಚರಿತ್ರೆ.

ಹಳೇಕಡತ

ಸರಿಯಾದ ಮಾತು. ಊರಿನ ಧಾರಣೆ ಹಳತಾಗುತ್ತದೆ, ನಿಮ್ಮ ಮಾರಾಟದ ಲೆಕ್ಕ ಹಳತಾಗುವುದಿಲ್ಲ.

ಕೋಡ್‌ಕೊಟ್ಟಿಗೆ (ಬೆಂಗಳೂರು, ಊರು ತೀರ್ಥಹಳ್ಳಿ)

ಆ್ಯಪ್ ವಿಷಯ ನನಗೆ ಬಿಡಿ ಅಣ್ಣ.

ಮೊದಲು ಒಂದು ಮಾತು. ಯಾವ ಸೇವೆಯೂ ಶಾಶ್ವತ ಅಲ್ಲ. ಬೇರೆ ಬೇರೆ ಜಾಲತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ಓದಬೇಕಾದದ್ದನ್ನು ಜನ ಕೂಡಿಡುತ್ತಿದ್ದ ಪಾಕೆಟ್ 2025ರ ಜುಲೈನಲ್ಲಿ ಮುಚ್ಚಿತು. ಹಾಗಾಗಿ ಟಿಪ್ಪಣಿ ಸಾದಾ ಪಠ್ಯದ ಫೈಲ್‌ನಲ್ಲಿ ಇರಲಿ. ಆಬ್ಸಿಡಿಯನ್, ಲಾಗ್‌ಸೀಕ್ ತರಹದ ಟಿಪ್ಪಣಿ ಆ್ಯಪ್‌ಗಳು ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಸಾದಾ ಪಠ್ಯ) ಫೈಲ್‌ಗಳನ್ನು ನಿಮ್ಮ ಸ್ವಂತ ಫೋನು, ಕಂಪ್ಯೂಟರಲ್ಲೇ ಇಡುತ್ತವೆ. ನಾಳೆ ಆ ಆ್ಯಪ್ ಹೋದರೂ ಫೈಲ್ ಉಳಿಯುತ್ತೆ, ಯಾವ ಎಡಿಟರ್‌ನಲ್ಲಾದರೂ ತೆರೆಯಬಹುದು. ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕಿಡಿ.

ಇನ್ನು ಕನ್ನಡದ ಹುಡುಕಾಟ. ಇಲ್ಲಿ ಇಂಗ್ಲಿಷಿನ ಸಲಹೆಗಳು ಕೈಕೊಡುತ್ತವೆ, ಯಾಕೆಂದರೆ ನಮ್ಮ ಪದಗಳಿಗೆ ಪ್ರತ್ಯಯ ಅಂಟಿಕೊಳ್ಳುತ್ತೆ. ಹೆಚ್ಚಿನ ಆ್ಯಪ್‌ಗಳು ಅಕ್ಷರಕ್ಕೆ ಅಕ್ಷರ ಹೋಲಿಸಿ ಹುಡುಕುತ್ತವೆ. ‘ಮಣ್ಣು’ ಎಂದು ಹುಡುಕಿದರೆ ‘ಮಣ್ಣಿನ’, ‘ಮಣ್ಣಿಗೆ’ ಸಿಗುವುದಿಲ್ಲ. ಕೊನೆಯ ಕೊಂಬು ಬಿಟ್ಟು ‘ಮಣ್ಣ’ ಎಂದಷ್ಟೇ ಬರೆದು ನೋಡಿ, ಮೂರೂ ಬರುತ್ತವೆ. ‘ಬೇರು’ ಬೇಕಾದರೆ ‘ಬೇರ’ ಎಂದು ಹಾಕಿ, ಆದರೆ ಅದರ ಜೊತೆ ‘ಬೇರೆ’ಯೂ ಬರುತ್ತೆ, ಅದನ್ನು ಸಹಿಸಿಕೊಳ್ಳಬೇಕು.

ಎರಡನೇ ತೊಡಕು, ಒಂದೇ ಪದಕ್ಕೆ ಹಲವು ಬರಹ. ಅಡಿಕೆ, ಅಡಕೆ. ಬೋರ್ಡೋ, ಬೋರ್ಡೊ. ಕೊಳೆರೋಗ, ಕೊಳೆ ರೋಗ, ಮಹಾಳಿ. ಟಿಪ್ಪಣಿಯ ಕೊನೆಗೆ ಒಂದು ಸಾಲಲ್ಲಿ ಈ ಬೇರೆ ಬೇರೆ ಹೆಸರುಗಳನ್ನೆಲ್ಲ ಬರೆದುಬಿಡಿ. ಯಾವುದನ್ನು ಹುಡುಕಿದರೂ ಅಲ್ಲಿಗೇ ಬರುತ್ತೀರಿ. ಅಂಕಿಗಳನ್ನೂ ಒಂದೇ ರೀತಿ ಬರೆಯಿರಿ. ಒಂದು ಕಡೆ 1, ಇನ್ನೊಂದು ಕಡೆ ೧ ಇದ್ದರೆ ಕಂಪ್ಯೂಟರ್‌ಗೆ ಅವೆರಡೂ ಬೇರೆಯೇ.

ಮೂರನೆಯದು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿರುವ ಪಿಡಿಎಫ್. ನೋಡಲು ಕನ್ನಡ ಕಾಣಿಸುತ್ತೆ, ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ ಚೆಲ್ಲಾಡಿದ ಹಾಗೆ ಬರುತ್ತೆ. ಒಳಗಡೆ ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಇಲ್ಲದ್ದೇ ಅದಕ್ಕೆ ಕಾರಣ. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಾಗದದ ಕರಪತ್ರಕ್ಕೆ ಗೂಗಲ್ ಲೆನ್ಸ್ ಹಿಡಿದರೆ ಅಕ್ಷರಗಳನ್ನು ಎತ್ತಿಕೊಡುತ್ತೆ. ಅಚ್ಚು ಮಸುಕಾಗಿದ್ದರೆ ಒತ್ತಕ್ಷರ ತಪ್ಪುತ್ತೆ. ಸಂಖ್ಯೆಗಳನ್ನಂತೂ ಕಾಗದದ ಪಕ್ಕ ಇಟ್ಟು ಓದಿ ನೋಡಲೇಬೇಕು. 1.0 ಹೋಗಿ 10 ಆದರೆ ಮರಕ್ಕೆ ಪೆಟ್ಟು.

ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಸಂದೇಶ ಕಳಿಸಿಕೊಳ್ಳುವ ಸೌಲಭ್ಯ ಇದೆಯಲ್ಲ, ಅದನ್ನು ಒಳಬಾಗಿಲು ಮಾಡಿಕೊಳ್ಳಿ. ದಿನವಿಡೀ ಕಂಡದ್ದನ್ನು ಅಲ್ಲಿ ಹಾಕಿ. ಭಾನುವಾರ ಕೂತು, ಪುತ್ತೂರಿನ ಅಕ್ಕ ಹೇಳಿದ ಪ್ರಶ್ನೆ ಕೇಳಿಕೊಂಡು, ಉಳಿಯಬೇಕಾದ್ದನ್ನು ಟಿಪ್ಪಣಿ ಮಾಡಿ, ಉಳಿದದ್ದನ್ನು ಅಳಿಸಿ. ಜೋಡಿ ಬಾಣದ ಗುರುತಿನೊಂದಿಗೆ ‘ಹಲವು ಬಾರಿ ಫಾರ್ವರ್ಡ್’ ಎಂದು ಬಂದಿದ್ದರೆ, ಮೂಲ ಸಿಗುವವರೆಗೆ ಅದನ್ನು ಟಿಪ್ಪಣಿ ಮಾಡಬೇಡಿ.

ಬಯಲುನಾಡು

ಎಲ್ಲಾ ಸರಿ ತಮ್ಮ. ಮೈಲುತುತ್ತು ಮೆತ್ತಿದ ಕೈಯಲ್ಲಿ ಫೋನ್ ಮುಟ್ಟುವುದು ಹೇಗೆ? ಬ್ಯಾರಲ್ ಪಕ್ಕದಲ್ಲಿ ನಿಂತಾಗ ಬೇಕಾಗುವುದು ಗೋಡೆಗೆ ಅಂಟಿಸಿದ ಹಾಳೆ.

ಕೋಡ್‌ಕೊಟ್ಟಿಗೆ

ಅದನ್ನು ನಾನು ಅಲ್ಲಗಳೆಯುವುದಿಲ್ಲ ಅಣ್ಣ. ಟಿಪ್ಪಣಿ ಫೋನಲ್ಲಿರಲಿ, ಆಗಾಗ ಬೇಕಾಗುವ ನಾಲ್ಕೈದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ ಮದ್ದು ಕಲಸುವ ಜಾಗದಲ್ಲಿ ತೂಗುಹಾಕಿ. ಮುಂದಿನ ವರ್ಷ ಏನಾದರೂ ಬದಲಾದರೆ ಫೈಲ್ ತಿದ್ದಿ ಇನ್ನೊಂದು ತೆಗೆದರಾಯಿತು.

ಪುತ್ತೂರ್ ಮಳೆ

ನಮ್ಮ ಪಂಪ್ ಶೆಡ್ಡಿನಲ್ಲಿ ಅಂಥದ್ದೇ ಒಂದು ಇದೆ. ಅದರಲ್ಲಿರುವುದು ಇಷ್ಟು: ಮೈಲುತುತ್ತನ್ನು 50 ಲೀಟರ್ ನೀರಲ್ಲಿ, ಸುಣ್ಣವನ್ನು ಬೇರೆ 50 ಲೀಟರ್ ನೀರಲ್ಲಿ ಕರಗಿಸು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬಳಸು. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿ, ತಿರುಗಿಸುತ್ತಾ ಇರು. ಹೊಳೆಯುವ ಕಬ್ಬಿಣದ ಚೂರಿ ಅದ್ದಿ ನೋಡು. ಚೂರಿಗೆ ಕೆಂಪು ಬಣ್ಣ ಹಿಡಿದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣದ ನೀರು ಹಾಕು. ಕಲಸಿದ್ದನ್ನು ಆ ದಿನವೇ ಮುಗಿಸು.

ಕೆಲಸಕ್ಕೆ ಹೊಸಬರು ಬಂದರೂ ಇದನ್ನು ಓದಿ ಕಲಸುತ್ತಾರೆ. ನಾನು ಪಕ್ಕದಲ್ಲಿ ನಿಂತು ಹೇಳಬೇಕಾಗಿಲ್ಲ.

ಎಳನೀರು

ಒಂದು ಪ್ರಶ್ನೆ. ಈಗ ಚಾಟ್‌ಜಿಪಿಟಿಯಂಥವನ್ನು ಕನ್ನಡದಲ್ಲೇ ಕೇಳಬಹುದು. ನಮ್ಮ ಕ್ಲಾಸಿನವರೆಲ್ಲ ಹಾಗೇ ಮಾಡುತ್ತಾರೆ. ಹೀಗಿರುವಾಗ ಇಷ್ಟು ಕಷ್ಟಪಟ್ಟು ಬರೆದಿಡುವುದು ಯಾಕೆ ಎಂದು ಗೆಳೆಯರು ಕೇಳುತ್ತಾರೆ. ನನಗೆ ಸರಿಯಾದ ಉತ್ತರ ಬೇಕು.

ಕೋಡ್‌ಕೊಟ್ಟಿಗೆ

ದಿನಾ ಅದರ ಜೊತೆಗೇ ಕೆಲಸ ಮಾಡುವವನಾಗಿ ಹೇಳುತ್ತೇನೆ. ಕೊಳೆರೋಗ ಎಂದರೇನು ಎಂದು ಕೇಳಿದರೆ ಅದು ಚೆನ್ನಾಗಿಯೇ ಹೇಳುತ್ತೆ. ಆದರೆ ನಿಮ್ಮ ತೋಡಿನ ಬದಿಗೆ ಬಿಸಿಲು ತಡ ಎಂಬುದು ಅದಕ್ಕೆ ಗೊತ್ತಿಲ್ಲ. ಹೋದ ವರ್ಷ ಎರಡನೇ ಸಿಂಪಡಣೆಗೆ ಮಳೆ ಬಿಡುವು ಕೊಡಲಿಲ್ಲ ಎಂಬುದೂ ಗೊತ್ತಿಲ್ಲ. ಅದನ್ನು ಬರೆದಿಟ್ಟವರು ಟಿಪ್ಪಣಿಗಳನ್ನೇ ಅದಕ್ಕೆ ಕೊಟ್ಟು ‘ಇದರಲ್ಲಿ ಹುಡುಕಿ ಹೇಳು’ ಎನ್ನಬಹುದು. ಆಗ ಅದು ನಿಜವಾಗಿ ಕೆಲಸಕ್ಕೆ ಬರುತ್ತೆ. ಪ್ರಮಾಣದ ವಿಷಯದಲ್ಲಿ ಮಾತ್ರ ಡಬ್ಬಿಯ ಮೇಲಿನ ಲೇಬಲ್ ನೋಡದೆ ಯಾರ ಮಾತನ್ನೂ ಕೇಳಬೇಡಿ. ಅದು ಯಂತ್ರದ್ದಾಗಲಿ, ಮನುಷ್ಯರದ್ದಾಗಲಿ.

ಹಳೇಕಡತ

ಎಳನೀರು, ಇನ್ನೊಂದು ಕಾರಣ ನಾನು ಹೇಳುತ್ತೇನೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಜೀವಮಾನದಲ್ಲಿ ಸುಮಾರು 90,000 ಚೀಟಿ ಬರೆದಿಟ್ಟಿದ್ದ. ಪ್ರತಿ ಚೀಟಿಗೆ ಒಂದು ಸಂಖ್ಯೆ, ಅದರಲ್ಲಿ ಸಂಬಂಧಪಟ್ಟ ಬೇರೆ ಚೀಟಿಗಳ ಸಂಖ್ಯೆ. ಬೀಲೆಫೆಲ್ಡ್ ವಿಶ್ವವಿದ್ಯಾಲಯ ಈಗ ಅವನ್ನು ಡಿಜಿಟಲ್ ಮಾಡುತ್ತಿದೆ. ಅವನು ಪುಸ್ತಕದ ಸಾಲುಗಳನ್ನು ಹಾಗೇ ಇಳಿಸಿಕೊಳ್ಳುವುದಕ್ಕಿಂತ ಓದಿದ ಮೇಲೆ ತನಗೆ ಏನು ತಿಳಿಯಿತು ಎಂಬುದನ್ನು ಬರೆಯುತ್ತಿದ್ದ. ನೀವು ಯೂರಿಯಾದ ಲೆಕ್ಕ ಬಿಡಿಸಿ ಬರೆದಿರಲ್ಲ, ಅದನ್ನು ಬರೆದಾಗಲೇ ನಿಮಗೆ ಮನದಟ್ಟಾಗಿರುತ್ತದೆ. ಕೇಳಿ ಪಡೆದ ಉತ್ತರಕ್ಕೆ ಆ ಗುಣ ಇರುವುದಿಲ್ಲ.

ತೋಟದಮನೆ

ಎಲ್ಲರಿಗೂ ತುಂಬಾ ಧನ್ಯವಾದ. ಒಂದು ಉಳಿದಿದೆ. ನಮ್ಮ ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಅವರ ತಲೆಯಲ್ಲಿ ಇರುವುದು ಯಾವ ಕರಪತ್ರದಲ್ಲೂ ಇಲ್ಲ. ಯಾವ ಬಸಿಗಾಲುವೆ ಯಾಕೆ ಆ ಕಡೆ ತಿರುಗಿದೆ, ಯಾವ ಸಾಲಿನ ಬೀಜ ಎಲ್ಲಿಂದ ತಂದದ್ದು, ಎಲ್ಲಾ ಅವರಿಗೆ ಗೊತ್ತು. ಅವರು ಬರೆಯುವವರಲ್ಲ. ಅದನ್ನು ಹೇಗೆ ಇಡುವುದು?

ಪುತ್ತೂರ್ ಮಳೆ

ಅವರನ್ನು ಕೂರಿಸಿ ಕೇಳಬೇಡಿ. ಜೊತೆಗೆ ತೋಟ ಸುತ್ತಿ. ಆ ಕಾಲುವೆಯ ಹತ್ತಿರ ನಿಂತಾಗ ಮಾತು ತಾನೇ ಬರುತ್ತದೆ. ಅವರಿಗೆ ಹೇಳಿ, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ಮನೆಗೆ ಬಂದ ದಿನವೇ ಕೇಳಿ ಬರೆದುಬಿಡಿ. ಆಡಿಯೋದಲ್ಲಿ ಯಾವ ಮಾತು ಎಲ್ಲಿದೆ ಎಂದು ಆಮೇಲೆ ಹುಡುಕಲು ಆಗುವುದಿಲ್ಲ. ಧ್ವನಿಯನ್ನೂ ಅಳಿಸಬೇಡಿ, ಅದನ್ನು ಬೇರೆ ಕಾರಣಕ್ಕೆ ಇಟ್ಟುಕೊಳ್ಳಿ. ತೋಟದ ಒಂದು ನಕ್ಷೆ ಬರೆದು, ಅವರು ಹೇಳಿದ ಜಾಗಗಳಿಗೆ ಸಂಖ್ಯೆ ಹಾಕಿ, ಟಿಪ್ಪಣಿಗೂ ಅದೇ ಸಂಖ್ಯೆ ಕೊಡಿ.

ಬಯಲುನಾಡು

ಇದನ್ನು ಈ ವಾರವೇ ಮಾಡಿ ಅಣ್ಣ. ಆ್ಯಪು, ಫೈಲು ಎಲ್ಲಾ ಕಾಯುತ್ತವೆ.

ತೋಟದಮನೆ

ನಾಳೆ ಬೆಳಗ್ಗೆಯೇ ದೊಡ್ಡಪ್ಪನ ಜೊತೆ ಹೊರಡುತ್ತೇನೆ. ಅಕ್ಕ, ನಿಮ್ಮ ಹೆಸರಲ್ಲೇ ಮಳೆ ಇದೆ. ನೀವು ಮಳೆ ಲೆಕ್ಕವನ್ನೂ ಇಡುತ್ತೀರಿ ಎಂದುಕೊಂಡಿದ್ದೇನೆ. ಟಿಪ್ಪಣಿಗಳ ಜೊತೆ ಅದನ್ನೂ ಶುರು ಮಾಡಬೇಕೆಂದಿದೆ. ಏನೇನು ಬರೆಯಬೇಕು?

ಪುತ್ತೂರ್ ಮಳೆ

ಮಳೆಮಾಪಕವನ್ನು ಮರ, ಸೂರು ಹತ್ತಿರ ಇಲ್ಲದ ಬಯಲಲ್ಲಿ ಇಡಿ. ಬೆಳಗ್ಗೆ 8:30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುವುದು, ಹಾಗಾಗಿ ನಿಮ್ಮ ಅಂಕಿಯನ್ನು ಅವರದ್ದರ ಜೊತೆ ಇಟ್ಟು ನೋಡಬಹುದು. ಒಂದು ಕಾಲಂ ದಿನಾಂಕ, ಒಂದು ಮಿಲಿಮೀಟರ್, ಇನ್ನೊಂದು ಅವತ್ತು ತೋಟದಲ್ಲಿ ಏನು ನಡೆಯಿತು ಎಂಬುದಕ್ಕೆ. ಮದ್ದು ಬಿಟ್ಟದ್ದು, ಉದುರಿದ ಕಾಯಿ ಮೊದಲು ಕಂಡದ್ದು, ಹಿಂಗಾರ ಒಡೆದದ್ದು, ಎಲ್ಲಾ ಆ ಮೂರನೇ ಕಾಲಂನಲ್ಲಿ. ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯಿರಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ ಆಮೇಲೆ ತಿಳಿಯುವುದಿಲ್ಲ.